ಒಳಮಗ್ಗುಲು ಸವೆದ ಬೂಟು

ಬೂಟಕ್ಕ ಯಾರನ್ನೂ ನಂಬುವ ಪೈಕಿ ಅಲ್ಲ. ಆಟಗಾರ ಜ್ವರ ಇದೆ ಅಂದರೆ ಹಣೆ ಮುಟ್ಟಿ ನೋಡುತ್ತಾಳೆ, ಇಲ್ಲ ಅಂದರೂ ಮುಟ್ಟಿ ನೋಡುತ್ತಾಳೆ. ಹದಿನಾರು ವರ್ಷದಿಂದ ಆ ಫುಟ್‌ಬಾಲ್ ತಂಡದ ಬೂಟುಗಳನ್ನು ತೊಳೆದು, ಹೊಲಿದು, ಗೂಡಿನಲ್ಲಿ ಜೋಡಿಸುವುದು ಅವಳ ಕೆಲಸ. ಬಾಯಿ ಸುಳ್ಳು ಹೇಳಬಹುದು, ಬೂಟಿನ ಅಡಿ ಹೇಳುವುದಿಲ್ಲ ಎಂಬುದು ಅವಳ ವಾದ. ಎದುರಾಡಿ ನೋಡಿ, ಕೈಯಲ್ಲಿರುವ ಒದ್ದೆ ಬೂಟು ನಿಮ್ಮ ಕಡೆಗೇ ಬರುತ್ತದೆ.

ಅದಕ್ಕೊಂದು ಕಾರಣವಿತ್ತು. ಅವಳ ತಮ್ಮನೂ ಒಂದು ಕಾಲಕ್ಕೆ ಇದೇ ತಂಡದಲ್ಲಿ ಆಡುತ್ತಿದ್ದ. ವಾರದಲ್ಲಿ ಮೂರನೆಯ ಪಂದ್ಯ, ಮುಗಿಯಲು ಇನ್ನು ಹತ್ತು ನಿಮಿಷ. ಹಾರಿ ಇಳಿದವನು, ಯಾರೂ ಮುಟ್ಟದೆಯೇ, ಹಾಗೇ ಕುಸಿದ. ಮಂಡಿಯ ಲಿಗಮೆಂಟು ಹರಿದಿತ್ತು. ಇವತ್ತಿಗೂ ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾನೆ. ಅವನ ಬೂಟು ಮಗುಚಿ ನೋಡಿದರೆ, ನೆಲ ಕಚ್ಚಿ ಹಿಡಿಯುವ ಅಡಿಯ ಸ್ಟಡ್ಡುಗಳು ಒಳಮಗ್ಗುಲಲ್ಲಿ ಮಾತ್ರ ಸವೆದಿದ್ದವು. ದಣಿದ ಕಾಲು ಇಳಿಯುವಾಗ ಮಂಡಿ ಒಳಕ್ಕೆ ವಾಲುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರು. ಆಮೇಲೆ ಹೇಳಿ ಏನು ಬಂತು, ಮಣ್ಣು! ತನ್ನ ಗೂಡಿನಿಂದ ಹೋದ ಬೂಟಿನಲ್ಲಿ ಇನ್ನೊಂದು ಮಂಡಿ ಹಾಳಾಗಬಾರದು ಎಂದು ಅವಳು ಅವತ್ತೇ ಹಠ ಹಿಡಿದಳು.

ಈಗ ಹನ್ನೊಂದು ದಿನದಲ್ಲಿ ನಾಲ್ಕನೆಯ ಪಂದ್ಯ ಬಂದಿತ್ತು. ಪ್ರತಿ ಬೆಳಿಗ್ಗೆ ಆಟಗಾರರು ಬಾಗಿಲ ಬಳಿಯ ಹಾಳೆಯಲ್ಲಿ ತಮ್ಮ ದಣಿವಿಗೆ ಹತ್ತರೊಳಗೆ ಒಂದು ಅಂಕ ಬರೆಯಬೇಕು. ಹೆಚ್ಚು ಬರೆದವನನ್ನು ಕೋಚ್ ಹೊರಗೆ ಕೂರಿಸುತ್ತಿದ್ದರು. ಹಾಗಾಗಿ ಎಲ್ಲರದೂ ಎರಡು, ಎರಡು, ಎರಡು.

“ಆಹಾ, ಎಲ್ರೂ ಇವತ್ತೇ ಹುಟ್ಟಿದ ಹಾಗಿದ್ದಾರೆ!” ಎಂದು ಮೂಗು ಮುರಿದ ಬೂಟಕ್ಕ ಬೂಟುಗಳನ್ನು ಒಂದೊಂದಾಗಿ ಮಗುಚತೊಡಗಿದಳು. ಬಲಬದಿಯಲ್ಲಿ ಓಡುವವನನ್ನು ಎಲ್ಲರೂ ಮಿಂಚು ಎನ್ನುತ್ತಿದ್ದರು. ಅವನ ಬಲಗಾಲಿನ ಬೂಟು ಒಳಮಗ್ಗುಲಲ್ಲಿ ಸವೆದು ಬೋಳಾಗಿತ್ತು. ಅವಳು ಅದನ್ನು ಹಿಡಿದುಕೊಂಡೇ ಹೋಗಿ ಅವನ ಮುಂದೆ ನಿಂತಳು.

“ಏನಪ್ಪಾ, ನಿದ್ದೆ ಸರಿಯಾಗಿ ಬರುತ್ತಾ?”

“ಬರುತ್ತಕ್ಕಾ.”

“ಕಾಲು ಭಾರ ಅನ್ಸುತ್ತಾ?”

“ಇಲ್ಲಕ್ಕಾ.”

ಇಷ್ಟು ಚುಟುಕಾಗಿ ಮಾತಾಡುವವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಉದ್ದಕ್ಕೆ ಮಾತಾಡಿದ್ದರೂ ಹಾಗೇ ಆಗುತ್ತಿತ್ತು, ಬಿಡಿ. ಎರಡು ದಿನ ಅವನ ಬೆನ್ನು ಬಿಡಲಿಲ್ಲ. ಆಕಳಿಸಿದನೇ? ಕೂತಲ್ಲಿಂದ ಏಳುವಾಗ ಬೆಂಚು ಹಿಡಿದನೇ? ಒಮ್ಮೆ ಹಿಡಿದ. ಅಷ್ಟು ಸಾಕಾಯಿತು.

ಸಿಂಕಿನ ಬಳಿ ಮೇಷ್ಟ್ರು ತನ್ನ ಬೂಟನ್ನು ತಾನೇ ಉಜ್ಜುತ್ತಿದ್ದ. ತಂಡದಲ್ಲೇ ಹಿರಿಯ, ಬಲಬದಿಯ ರಕ್ಷಣೆಯವನು. ಮೆತ್ತಗೆ ಮಾತಾಡುತ್ತಾನೆ ಅಂತ ಆ ಅಡ್ಡಹೆಸರು. ಈಚೆಗೆ, ‘ನಿಮಗ್ಯಾಕಕ್ಕಾ ತೊಂದ್ರೆ’ ಎಂದು ತನ್ನ ಜೋಡಿಯನ್ನು ಗೂಡಿಗೇ ಇಡುತ್ತಿರಲಿಲ್ಲ. ಇಡೀ ತಂಡದಲ್ಲಿ ಮನುಷ್ಯ ಅಂದರೆ ಇವನೊಬ್ಬ ಎಂದು ಬೂಟಕ್ಕ ಎಲ್ಲರ ಮುಂದೆ ಹೊಗಳುತ್ತಿದ್ದಳು.

“ಮಿಂಚು ಸುಳ್ಳು ಹೇಳ್ತಿದ್ದಾನೆ ಕಣಪ್ಪಾ. ಒಳಗಡೆ ಪೂರ್ತಿ ಸವೆದಿದೆ,” ಎಂದಳು.

ಮೇಷ್ಟ್ರ ಬ್ರಶ್ಶು ಒಂದು ಕ್ಷಣ ನಿಂತಿತು. “ಹೌದಾ,” ಎಂದವನು ನಲ್ಲಿಯನ್ನು ಇನ್ನಷ್ಟು ತಿರುಗಿಸಿದ.

ಅವಳು ಮಿಂಚಿನ ಎರಡೂ ಬೂಟು ಹಿಡಿದು ಸೀದಾ ಕೋಚ್ ಕೋಣೆಗೆ ನುಗ್ಗಿದಳು. ಕೋಚ್‌ಗೆ ಮೊದಲು ನಗು, ಆಮೇಲೆ ಸಿಟ್ಟು. ಅವಳು ಎಡಗಾಲಿನದನ್ನೂ ಬಲಗಾಲಿನದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಮಗುಚಿಟ್ಟಾಗ ನಗುವೂ ಸಿಟ್ಟೂ ನಿಂತವು.

“ಮೇಷ್ಟ್ರನ್ನ ಅರ್ಧ ಆಟಕ್ಕೇ ಹೊರಗೆ ಕರೆಯೋಣ ಅಂತಿದ್ದೆ. ಮಿಂಚು ಇಲ್ದಿದ್ರೆ ಬಲಗಡೆ ಪೂರ್ತಿ ಅವನೇ ಓಡ್ಬೇಕಾಗುತ್ತಲ್ಲಮ್ಮಾ.”

“ಓಡ್ಲಿ ಸಾರ್. ಅವನಿಗೇನು, ಕಲ್ಲುಗುಂಡಿನ ಹಾಗಿದ್ದಾನೆ.”

ಪಂದ್ಯದ ದಿನ ಮಿಂಚು ಹೊರಗಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ಬೂಟಕ್ಕ, ಗೆದ್ದವಳ ಠೀವಿಯಲ್ಲಿ. ಎಪ್ಪತ್ತು ನಿಮಿಷ ಕಳೆದ ಮೇಲೆ ಅವಳಿಗೇ ಪಾಪ ಅನ್ನಿಸಿತು.

“ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೋ. ಬಲಗಾಲಿಂದು ಹಾಗೆ ಸವೆದಿರೋದು ದಣಿವಿಗೆ ತಾನೇ?”

“ಯಾವ ದಣಿವು? ಅದು ಸೈಕಲ್ಲಿಂದಕ್ಕಾ!” ಎಂದು ಅವನು ಸಿಡುಕಿದ. “ಬಲಗಡೆ ಪೆಡಲ್ ಮುರಿದು ತಿಂಗಳಾಯ್ತು, ಬರೀ ಕಬ್ಬಿಣದ ಸರಳು ಉಳ್ಕೊಂಡಿದೆ. ಅಭ್ಯಾಸದ ಮೈದಾನಕ್ಕೆ ಬೂಟು ಹಾಕ್ಕೊಂಡೇ ತುಳ್ಕೊಂಡು ಹೋಗ್ತೀನಿ. ರಸ್ತೇಲಿ ಬೂಟು ಹಾಕಿದ್ರೆ ನೀವು ಬೈತೀರಂತ ಬಾಯಿ ಬಿಡ್ಲಿಲ್ಲ.”

ಬೂಟಕ್ಕನ ಮುಖ ಸಪ್ಪಗಾಯಿತು. ‘ಅಯ್ಯೋ, ವೃಥಾ ಕೂರಿಸಿಬಿಟ್ಟೆನಲ್ಲ’ ಎಂದುಕೊಳ್ಳುತ್ತ ಮೈದಾನದತ್ತ ನೋಡಿದಳು. ಚೆಂಡು ಎತ್ತರಕ್ಕೆ ಬಂದಿತ್ತು. ಮೇಷ್ಟ್ರು ಹಾರಿ ತಲೆಯಿಂದ ಹೊಡೆದ, ಇಳಿದ. ಹತ್ತಡಿಯೊಳಗೆ ಯಾರೂ ಇರಲಿಲ್ಲ. ಅವನ ಬಲಮಂಡಿ ಒಳಕ್ಕೆ ವಾಲಿದ್ದು ಅವಳಿಗೆ ಬೆಂಚಿನಿಂದಲೇ ಕಂಡಿತು. ರೆಫರಿಯ ಸೀಟಿ ಕೇಳುವ ಮೊದಲೇ ಅವಳು ಎದ್ದು ನಿಂತಿದ್ದಳು.

ಒಳಗಿನ ಕೋಣೆಯಲ್ಲಿ ಡಾಕ್ಟರು ಲೇಸು ಕತ್ತರಿಸಿ, ಬೂಟು ಕಳಚಿ, ಅಭ್ಯಾಸಬಲದಿಂದ ಅವಳ ಕೈಗೇ ಕೊಟ್ಟರು. ಮಣ್ಣು ಮೆತ್ತದ ಕಡೆ ಮೇಲ್ಭಾಗ ಇನ್ನೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೂಟಕ್ಕ ಮೆಲ್ಲಗೆ ಮಗುಚಿದಳು. ಒಳಮಗ್ಗುಲಲ್ಲಿ ಸ್ಟಡ್ಡು ಎಂಬುದೇ ಇರಲಿಲ್ಲ.

“ಎಷ್ಟು ದಿನದಿಂದ?”

“ಒಂದೂವರೆ ತಿಂಗಳಾಯ್ತಕ್ಕಾ,” ಎಂದ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ. “ಈ ವಯಸ್ಸಲ್ಲಿ ಒಂದ್ಸಲ ಹೊರಗೆ ಕೂತ್ರೆ ಮತ್ತೆ ಒಳಗೆ ಕರೀತಾರಾ?”

“ನನ್ನ ಕೈಗೆ ಯಾಕೋ ಕೊಡ್ಲಿಲ್ಲ, ಪಾಪಿ?”

“ಕೊಟ್ಟಿದ್ರೆ ನಿಮಗೆ ಗೊತ್ತಾಗ್ತಿತ್ತಲ್ಲಕ್ಕಾ.”

ಬೂಟಕ್ಕ ಅಲ್ಲೇ ನೆಲದ ಮೇಲೆ ಕೂತು, ಬೂಟನ್ನು ಮಡಿಲಲ್ಲಿ ಇಟ್ಟುಕೊಂಡು, ಹದಿನಾರು ವರ್ಷದಲ್ಲಿ ಮೊದಲ ಸಲ ಎಲ್ಲರೆದುರೂ ಅತ್ತಳು.