ಡ್ರಮ್ಮಿನ ಕೆಳಗಿನ ವಾಟಿ

"ಬಿಡ್ರಿ ಅತ್ತೀ, ಡ್ರಮ್ ಬಿಡ್ರಿ!"

ಉಜ್ವಲಾ ಓಡಿಬಂದು ನೀಲಿ ಡ್ರಮ್ಮಿನ ಅಂಚು ಹಿಡಿದಳು. ಆ ಕಡೆ ಗಂಡನ ಸೋದರತ್ತೆ ಗಂಗುಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದನ್ನು ವಾಲಿಸುತ್ತಿದ್ದಳು. ಅಣ್ಣ ಹೋದ ಸುದ್ದಿ ಕೇಳಿ ಅಕ್ಕಲಕೋಟದಿಂದ ಮೊದಲ ಬಸ್ಸಿಗೇ ಬಂದವಳು, ಅತ್ತು ಮುಗಿಸಿ ನೇರ ಬಚ್ಚಲಿಗೆ ನುಗ್ಗಿದ್ದಳು.

"ಸತ್ತ ಮನ್ಯಾಗ ತುಂಬಿದ ನೀರ ಇಡಬಾರ್ದವ್ವಾ. ಸೂತಕ."

"ನಮ್ಮ ಲಿಂಗವಂತರಾಗ ಸೂತಕ ಎಲ್ಲೈತ್ರಿ? ವರ್ಷಾ ಶ್ರಾವಣದಾಗ ಪುರಾಣಕ್ಕ ಕುಂಡ್ರತೀರಿ ನೀವು."

"ಪುರಾಣದಾಗ ಕೇಳೂದು ಬ್ಯಾರೆ, ಮನ್ಯಾಗ ನಡ್ಯೂದು ಬ್ಯಾರೆ."

"ನಳಾ ಬರೂದು ನಾಡಿದ್ದ! ಇಷ್ಟ ಮಂದಿಗೆ ಏನ್ ಮಾಡ್ಲಿ?"

ಪಡಸಾಲೆಯಲ್ಲಿ ವಿಭೂತಿ ಬಳಿದು ಗೋಡೆಗೊರಗಿಸಿ ಕೂರಿಸಿದ್ದ ಮಾವ ನಾಗಣ್ಣನ ಸುತ್ತ ಚಾದರದ ವ್ಯಾಪಾರಿಗಳು ನೆರೆದಿದ್ದರು. ಪಕ್ಕದಂಗಡಿಯ ಧರೆಪ್ಪನ ದನಿ ಒಳಗಿನವರೆಗೂ ಕೇಳುತ್ತಿತ್ತು. "ಪುಣ್ಯಾತ್ಮ ಒಂದ ಹನಿ ನೀರ ಹಾಳ ಮಾಡ್ಲಿಲ್ಲ ನೋಡ್ರಿ. ಡ್ರಮ್ಮಿನ ತೋಟಿ ಸೋರತೈತಿ ಅಂತ ಕೆಳಗ ವಾಟಿ ಇಟ್ಟಿದ್ದ!"

ಉಜ್ವಲಾಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ವಾಟಿ! ಊರಿಗೆಲ್ಲ ಕಂಡದ್ದು ಸೋರುವ ನಲ್ಲಿಯ ಕೆಳಗಿನ ಆ ಬಟ್ಟಲೊಂದೇ.

*

ಐದು ದಿನಕ್ಕೊಮ್ಮೆ ನಳ ಬಂತೆಂದರೆ ಮಾವ ಮೊದಲು ಮಾಡುತ್ತಿದ್ದ ಕೆಲಸ, ಇನ್ನೂ ಅರ್ಧ ತುಂಬಿರುವ ಡ್ರಮ್ಮನ್ನು ಗಟಾರಕ್ಕೆ ಬೋರಲು ಹಾಕುವುದು. "ಶಿಳಿ ನೀರ, ಹಳಸೈತಿ" ಎನ್ನುವರು. ಅದೇ ಬಾಯಲ್ಲಿ, ಅಕ್ಕಿ ತೊಳೆಯುವ ಸೊಸೆಗೆ, "ತೋಟಿ ಬಂದ್ ಮಾಡವ್ವಾ, ನೀರಂದ್ರ ದೇವರು" ಎನ್ನುವರು.

ಹೇಳಿ ಹೇಳಿ ಸಾಕಾಗಿ ಅವಳು ಒಮ್ಮೆ ಎರಡು ಲೋಟ ಮುಂದಿಟ್ಟಳು. "ಇದರಾಗ ತಾಜಾ ಯಾವುದು, ಹೇಳ್ರಿ ಮಾಮಾ."

ಎರಡನ್ನೂ ಗುಟುಕರಿಸಿ, ಮೀಸೆ ಒರೆಸಿಕೊಂಡು ಅವರು ಒಂದನ್ನು ಎತ್ತಿ ತೋರಿಸಿದರು. "ಇದು. ಸಕ್ರಿ ಆಗೇತಿ ನೋಡು."

"ಅದು ಡ್ರಮ್ಮಿನ ತಳದ್ದು."

ಅಂದು ಅವರು ಊಟಕ್ಕೆ ಏಳಲಿಲ್ಲ. ಆದರೆ ಮುಂದಿನ ಸಲ ನಳ ಬಂದಾಗ ಡ್ರಮ್ ಬೋರಲಾಗಲಿಲ್ಲ. ಹಳೆಯದರ ಮೇಲೇ ಹೊಸದನ್ನು ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿದರು. ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳಲು ಅವರಿಗೆ ವಾಟಿ ಇತ್ತಲ್ಲ.

*

"ಮಾಮಾ ತಾವ ನೀರ ಚೆಲ್ಲೂದು ಬಿಟ್ಟಿದ್ರು ಅತ್ತೀ."

"ನಮ್ಮಣ್ಣ? ಶಿಳಿ ನೀರ ಮುಟ್ಟದಾಂವ? ಸತ್ತವರ ಮ್ಯಾಲ ಸುಳ್ಳ ಹೇಳಬ್ಯಾಡ."

ಗಂಡ ಯೋಗಿರಾಜ ಬಾಗಿಲಲ್ಲಿ ಇಣುಕಿದ. "ಉಜ್ವಲಾ, ಇವತ್ತೊಂದಿನ ಬಿಡ. ಮಂದಿ ಕೇಳಾಕತ್ಯಾರ."

ಅವಳು ಕೈಬಿಟ್ಟಳು. ನೀರು ಭೋರೆಂದು ಹೋಯಿತು. ಅದರ ಹಿಂದೆ ಬಿಳಿ ಅರಿವೆಯೂ ಗಟಾರಕ್ಕೆ ಹೋಯಿತು.

ಮಧ್ಯಾಹ್ನ ಮಣ್ಣು ಕೊಟ್ಟು ಬಂದ ಗಂಡಸರು ಕಾಲು ತೊಳೆಯಲೆಂದು ಅಂಗಳದಲ್ಲಿ ನಿಂತರು. ಕೊಡ ಖಾಲಿ, ಬಕೆಟ್ ಖಾಲಿ. ಟ್ಯಾಂಕರಿನವನು ಸಂಜೆಗೆ ಎಂದ. ಗಂಗುಬಾಯಿ ಬಚ್ಚಲನ್ನೆಲ್ಲ ತಡಕಾಡಿ, ತುಂಬಿದ ವಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಅದು ಸೂತಕದ ನೀರ ಅಲ್ಲೇನ್ರಿ?" ಎಂದಳು ಉಜ್ವಲಾ.

"ಇದು ನಮ್ಮಣ್ಣ ಕೂಡಿಸಿದ್ದು."

ಬೆರಳದ್ದಿ ಅದ್ದಿ ಅವಳು ಒಬ್ಬೊಬ್ಬರ ಪಾದಕ್ಕೂ ಚಿಮುಕಿಸಿದಳು. ಧರೆಪ್ಪನ ಕಣ್ಣು ತುಂಬಿ ಬಂತು. "ನೋಡ್ರಿ, ಹೋದ ಮ್ಯಾಲೂ ನಾಗಣ್ಣನ ವಾಟೀನ ಕೈ ಹಿಡೀತು."

ಎಲ್ಲರೂ ತಲೆದೂಗಿದರು. ಉಜ್ವಲಾ ಹಲ್ಲು ಕಚ್ಚಿ ಒಳಗೆ ಹೋದಳು.

ಗಂಗುಬಾಯಿ ಅವಳ ಹಿಂದೆಯೇ ಬಂದು, ವಾಟಿಯನ್ನು ಸೆರಗಿನಿಂದ ಒರೆಸಿ, ಬರಿದಾದ ಡ್ರಮ್ಮಿನ ತೋಟಿಯ ಕೆಳಗೆ, ಒಂದು ಹನಿಯೂ ಆಚೆ ಬೀಳದಂತೆ, ಬಗ್ಗಿ ನೋಡಿ ನೋಡಿ ಇಟ್ಟಳು.