ಅವರಿಗೆ ಹೇಳಿ ಮೇಡಂ

ಫಾರಂನಲ್ಲಿ ಹೆಂಡತಿಯ ಹೆಸರು ಬರೆಯುವ ಜಾಗಕ್ಕೆ ಬಂದಾಗ ನನ್ನ ಪೆನ್ನು ನಿಂತುಹೋಯಿತು. ಹೆಸರು ಮರೆತಿರಲಿಲ್ಲ ಸ್ವಾಮಿ, ಅಷ್ಟು ಕೆಟ್ಟವನಲ್ಲ ನಾನು. ಆದರೆ ಆ ಹೆಸರು ಹಿಡಿದು ಕರೆದು ಎಂಟು ವರ್ಷವಾಗಿತ್ತು. ಹೊನ್ನಗಂಗಮ್ಮ ಎಂದು ಬರೆದೆ. ಪಕ್ಕದ ಕುರ್ಚಿಯಲ್ಲಿದ್ದ ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು. ೨೦೦೬ರ ಆಗಸ್ಟ್ ತಿಂಗಳು.

ರಾಜಾಜಿನಗರದಲ್ಲಿ ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿ ಅದು. ಬೋರ್ಡಿನ ಮೇಲೆ ‘ಆಪ್ತ ಸಲಹೆ’ ಎಂದಿತ್ತು. ಸ್ಕೂಟರ್ ನಿಲ್ಲಿಸಿದವನು ಹೆಲ್ಮೆಟ್ ತೆಗೆಯದೆಯೇ ಮೆಟ್ಟಿಲು ಹತ್ತಿದ್ದೆ. ಹೇರೋಹಳ್ಳಿಯಲ್ಲಿ ನನ್ನದು ಸಿಮೆಂಟು-ಕಬ್ಬಿಣದ ಅಂಗಡಿ. ಈ ಕಡೆ ಕೆಲಸ ಮಾಡುವ ಮೇಸ್ತ್ರಿಗಳಲ್ಲಿ ನನ್ನ ಗುರುತಿಲ್ಲದವರು ಕಡಿಮೆ. ಒಬ್ಬ ನೋಡಿದರೂ ಸಾಕು, ಸಂಪತ್ತಣ್ಣನಿಗೆ ತಲೆ ಕೆಟ್ಟಿದೆಯಂತೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ.

ಐದು ತಿಂಗಳ ಹಿಂದೆ ನಮ್ಮಮ್ಮ ವೆಂಕಟಲಕ್ಷ್ಮಮ್ಮ ತೀರಿಕೊಂಡಿದ್ದಳು. ಅಂದಿನಿಂದ ಹೊನ್ನಗಂಗಮ್ಮನಿಗೆ ತಲೆನೋವು. ಸ್ಕ್ಯಾನ್ ಮಾಡಿಸಿದರೆ ಏನೂ ಇಲ್ಲ. ಮಾಗಡಿ ರೋಡಿನ ನಮ್ಮ ಹಳೆಯ ಡಾಕ್ಟರು ರಿಪೋರ್ಟು ಮಡಚಿಟ್ಟು, “ಮನೇಲಿ ಇಬ್ರೂ ಮಾತಾಡ್ತೀರೇನ್ರೀ?” ಎಂದು ಕೇಳಿದರು. ನಾನು ಸ್ಕೂಟರಿನ ಕೀಲಿ ತಿರುಗಿಸುತ್ತ ಕೂತೆ. ಅವರೇ ಈ ವಿಳಾಸ ಬರೆದುಕೊಟ್ಟರು.

“ಇವರಿಗೆ ಹೇಳಿ ಡಾಕ್ಟ್ರೇ,” ಎಂದಳು ಅವಳು. “ಅಲ್ಲಿಗೆ ಮೂರು ಸಲ ಬರ್ಲಿ. ಆಮೇಲೂ ಹಿಂಗೇ ಇದ್ರೆ ನಾನು ಕೆಂಗೇರಿಗೆ ಹೊರಟೆ. ವಾಪಸ್ ಬರಲ್ಲ.”

ಕೆಂಗೇರಿ ಅವಳ ತವರು. ಬ್ಯಾಗು ಆಗಲೇ ಮಂಚದ ಕೆಳಗೆ ತಯಾರಾಗಿತ್ತು, ನಾನು ನೋಡಿದ್ದೆ.

ನಮ್ಮ ಮನೆಯ ಪದ್ಧತಿಯೇ ಹಾಗಾಗಿಬಿಟ್ಟಿತ್ತು. “ಅಮ್ಮ, ಸಾರಿಗೆ ಉಪ್ಪು ಸಾಲ್ದು ಅಂತ ಹೇಳು.” “ಅತ್ತೆ, ಗ್ಯಾಸ್ ಖಾಲಿಯಾಗಿದೆ ಅಂತ ಹೇಳಿ.” ಮೂವರೂ ಒಂದೇ ಅಡುಗೆಮನೆಯಲ್ಲಿ, ಒಂದೇ ಬಲ್ಬಿನ ಕೆಳಗೆ ಕೂತು ಆಡುವ ಮಾತು ಇದು! ಅಮ್ಮ ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದಳು. ಅವಳು ಹೋದ ಮೇಲೆ ಮಾತು ಹೋಗುವ ದಾರಿಯೇ ಮುಚ್ಚಿಹೋಯಿತು. ತಟ್ಟೆ ಬರುತ್ತಿತ್ತು, ಉಣ್ಣುತ್ತಿದ್ದೆ, ಏಳುತ್ತಿದ್ದೆ. ದುಃಖವೇ ಎಂದರೆ ದುಃಖವಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಗ ದವಡೆ ಇರುವ ಹಾಗೆ ಇದ್ದೆ ನಾನು. ಇಡೀ ಮೈಯೇ ಆ ದವಡೆಯಾಗಿತ್ತು.

ಸಲಹೆ ಕೊಡುವವರ ಹೆಸರು ಗುರುದೇವಿ, ಬಿಜಾಪುರದ ಕಡೆಯವರು. ಒಂದು ಟೇಬಲ್ಲು, ಮೂರು ಕುರ್ಚಿ, ಒಂದು ಗಡಿಯಾರ, ಕಣ್ಣೊರೆಸಲು ಒಂದು ಡಬ್ಬಿ ತುಂಬ ಕಾಗದ. ಮಲಗಿಸಿ ಕಣ್ಣಿಗೆ ಟಾರ್ಚು ಬಿಡುತ್ತಾರೆಂದೋ ಮಾತ್ರೆ ಬರೆಯುತ್ತಾರೆಂದೋ ನಾನು ಅಂದುಕೊಂಡಿದ್ದೆ. ಅದೂ ಅಲ್ಲದಿದ್ದರೆ ಪಂಚಾಯಿತಿ.

“ಹಿರೀಕರನ್ನ ಕರ್ಕೊಂಡು ಬರ್ಬೇಕಿತ್ತಾ ಮೇಡಂ?” ಎಂದೆ.

“ಬ್ಯಾಡ್ರಿ, ನೀವಿಬ್ಬರ ಸಾಕು. ಇಲ್ಲಿ ಆಡಿದ ಮಾತು ಇಲ್ಲೇ ಇರ್ತದ. ಯಾರದು ತಪ್ಪು, ಯಾರದು ಸರಿ ಅಂತ ನಾ ಹೇಳಂಗಿಲ್ಲ.”

“ಮತ್ತೆ ನೀವು ಮಾಡೋದೇನು?”

“ಕೇಳ್ತೀನ್ರಿ.”

ಅಯ್ಯೋ, ಕೇಳಿಸಿಕೊಳ್ಳೋಕೆ ರಾಜಾಜಿನಗರದ ತನಕ ಬರಬೇಕಿತ್ತಾ ಎಂದುಕೊಂಡೆ. ಯಾಕೆ ಬಂದಿರಿ ಎಂದು ಅವರು ಕೇಳಿದರು. ಹೊನ್ನಗಂಗಮ್ಮ ಸೆರಗಿನ ತುದಿ ನೋಡಿಕೊಂಡು, “ಇವರು ಮನೇಲಿ ಇದ್ರೂ ಇಲ್ದಂಗೆ ಇರ್ತಾರೆ ಅಂತ ಹೇಳಿ ಮೇಡಂ,” ಎಂದಳು.

ನನಗೆ ರೇಗಿತು. “ಅವಳು ಮಾತ್ರ ಭಾಳ ಇರ್ತಾಳಾ ಅಂತ ಕೇಳಿ ಮೇಡಂ.”

ಮೇಡಂ ಪೆನ್ನು ಕೆಳಗಿಟ್ಟರು. “ನಾ ಕೇಳಂಗಿಲ್ರಿ, ಹೇಳಂಗೂ ಇಲ್ಲ. ಅವರು ನಿಮ್ಮ ಬಾಜೂಕನ ಕೂತಾರ.”

ಅಷ್ಟೇ. ಉಳಿದ ಅರ್ಧ ಗಂಟೆ ಯಾರೂ ಬಾಯಿಬಿಡಲಿಲ್ಲ. ಅವರೂ ಗದರಲಿಲ್ಲ, ಅವಸರ ಮಾಡಲಿಲ್ಲ. ಸಮಯವಾದ ಮೇಲೆ, ಮುಂದಿನ ಗುರುವಾರ ಬನ್ನಿ ಎಂದರು.

ಎರಡನೆಯ ಗುರುವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡರು. ತಾಯಿ ಹೋದಾಗ ಏನನ್ನಿಸಿತು ಎಂದು ನನ್ನನ್ನು ಕೇಳಿದರು. ಶಾಮಿಯಾನ ಹಾಕಿಸಿದ್ದು, ಕುರ್ಚಿ ತರಿಸಿದ್ದು, ತಿಥಿ ದಿನ ನಾಲ್ಕು ಪಂಕ್ತಿ ಊಟವಾದದ್ದು ಎಲ್ಲ ಹೇಳಿದೆ. ಅದಲ್ಲ, ನಿಮಗೇನನ್ನಿಸಿತು ಎಂದರು.

“ಏನೂ ಇಲ್ಲ.”

“ಅದನ್ನೂ ಬರಕೋತೀನ್ರಿ,” ಎಂದು ನಿಜವಾಗಲೂ ಬರೆದುಕೊಂಡರು. ಎಂಥ ಹೆಂಗಸಪ್ಪ ಇವಳು ಎಂದುಕೊಂಡೆ.

ಮೂರನೆಯ ಗುರುವಾರ ಹೋದಾಗ ನಮ್ಮ ಕುರ್ಚಿಗಳನ್ನು ಎದುರುಬದುರು ಇಟ್ಟಿದ್ದರು. ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ. ಹೊನ್ನಗಂಗಮ್ಮ ಕುರ್ಚಿಯ ಕೈ ಸವರುತ್ತ ಶುರು ಮಾಡಿದಳು.

“ಎಂಟು ವರ್ಷದ ಹಿಂದೆ ನನಗೆ ಎರಡನೇ ಸಲ ಹೊಟ್ಟೇಲಿ ನಿಲ್ಲಲಿಲ್ಲ ಮೇಡಂ. ಐದು ತಿಂಗಳಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವರು ಒಂದು ಮಾತಂದ್ರು.”

ಏನೆಂದೆನೆಂದು ನನಗೆ ಗೊತ್ತು. ಒಂದಕ್ಷರವನ್ನೂ ಮರೆತಿಲ್ಲ. ನಿನ್ನದು ಹೊಟ್ಟೆಯಲ್ಲ ಕಣೇ, ಸ್ಮಶಾನ ಎಂದಿದ್ದೆ.

“ಮಾರನೇ ದಿನವೇ ತವರಿಗೆ ಹೋದೆ. ವಾಪಸ್ ಬರೋದೇ ಬೇಡ ಅಂತಿದ್ದೆ. ಆಮೇಲೆ ಅತ್ತೆ ಬಂದ್ರು. ‘ಎರಡು ದಿನದಿಂದ ಊಟ ಬಿಟ್ಟು ಅಳ್ತಾ ಕೂತವ್ನೆ ಕಣವ್ವ. ತಪ್ಪಾಯ್ತು ಅಂತ ಹೇಳಿ ಕರ್ಕೊಂಡು ಬಾ ಅಂದ’ ಅಂದ್ರು. ಅದಕ್ಕೇ ಬಂದೆ. ಬಾಯಿಬಿಟ್ಟು ಹೇಳಕ್ಕೆ ಇವರಿಗೆ ಬರಲ್ಲ, ಮನಸ್ಸಲ್ಲಿ ಇದೆಯಲ್ಲ, ಸಾಕು ಅಂತ ಇಷ್ಟು ವರ್ಷ ದೂಡಿದೆ. ಈಗ ಅವರೂ ಇಲ್ಲ. ಒಂದೇ ಒಂದು ಸಲ ಅದನ್ನ ಇವರ ಬಾಯಲ್ಲಿ ಕೇಳ್ಬೇಕು. ಕೇಳಿದ್ರೆ ಮನೆಗೆ ಹೋಗಿ ಆ ಬ್ಯಾಗು ಬಿಚ್ಚಿಡ್ತೀನಿ.”

ನಾನು ಹಾಗೆ ಹೇಳಿ ಕಳಿಸಿರಲಿಲ್ಲ. ಆ ಎರಡು ದಿನ ಅಂಗಡಿಯಲ್ಲಿ ಸಿಮೆಂಟಿನ ಲೋಡು ಇಳಿಸಿಕೊಂಡಿದ್ದೆ. ಮನೆಗೆ ಬಂದು ಅಮ್ಮ ಮಾಡಿದ ಮುದ್ದೆ, ಬಸ್ಸಾರು ಉಂಡಿದ್ದೆ. ನಾನು ಅಳಬೇಕಾಗಿದ್ದ ಅಳುವನ್ನು ಅಮ್ಮ ನನ್ನ ಹೆಸರು ಹೇಳಿ ಕೆಂಗೇರಿಯಲ್ಲಿ ತಾನು ಅತ್ತು ಬಂದಿದ್ದಳು. ನನಗೆ ಅವಳು ಹೇಳಿದ್ದೇ ಬೇರೆ.

ಈಗ ಹೂಂ ಎಂದು, ತಪ್ಪಾಯ್ತು ಎಂದುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಸಂಜೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಮನೆ ಸೇರುತ್ತಿದ್ದೆವು. ಅವಳು ಈಗ, ಮೊದಲ ಸಲ, ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಅದು ಯಾವಾಗ ಆಯಿತೋ ನನಗೆ ಗೊತ್ತಿಲ್ಲ.

“ಮೇಡಂ, ಅವಳಿಗೆ...” ಎಂದೆ. ಮೇಡಂ ಕಿಟಕಿಯ ಕಡೆಗೆ ತಿರುಗಿಕೊಂಡರು.

“ನಾನು ಹೇಳಿ ಕಳಿಸಿರ್ಲಿಲ್ಲ,” ಎಂದೆ, ಅವಳಿಗೇ. “ಅಳ್ಲಿಲ್ಲ. ಊಟಾನೂ ಬಿಡ್ಲಿಲ್ಲ. ಅದೆಲ್ಲ ಅಮ್ಮಾನೇ ಹೇಳಿದ್ದು. ನೀನು ಎಲ್ಲಾ ಮರ್ತಿದೀಯ, ಇನ್ನು ಆ ಮಾತು ಎತ್ತಬಾರ್ದು ಅಂತ ಹೇಳಿ ಕಳಿಸಿದೀಯ ಅಂತ ನನಗಂದ್ಳು. ಅದಕ್ಕೇ ಎತ್ತಲಿಲ್ಲ. ಎತ್ತದೇ ಇರೋದು ನನಗೂ ಸಲೀಸಾಗಿತ್ತು.”

“ನಾನು ಹಂಗಂದಿಲ್ಲ.”

“ಈಗ ಗೊತ್ತಾಯ್ತು.”

ಅವಳು ಅಳುತ್ತಾಳೆಂದುಕೊಂಡೆ. ಕಾಗದದ ಡಬ್ಬಿಯನ್ನೂ ಮುಟ್ಟಲಿಲ್ಲ. “ಅಂದ್ರೆ ಎಂಟು ವರ್ಷ ನಾನು ಸಂಸಾರ ಮಾಡಿದ್ದು ಅತ್ತೆ ಜೊತೆ,” ಎಂದಳು, ಗ್ಯಾಸ್ ಖಾಲಿಯಾಗಿದೆ ಎಂದು ಹೇಳುವ ದನಿಯಲ್ಲಿ.

“ತಪ್ಪಾಯ್ತು,” ಎಂದೆ. ಅಂಗಡಿಯಲ್ಲಿ ಲೋಡು ತಡವಾದಾಗ ಗಿರಾಕಿಗೆ ಹೇಳುವ ತಪ್ಪಾಯ್ತಿನ ಹಾಗೆಯೇ ಬಂತು ಅದು. ನನ್ನ ಬಾಯಲ್ಲಿದ್ದದ್ದು ಅದೊಂದೇ ಥರ. ಕೇಳಿ ನನಗೇ ನಾಚಿಕೆಯಾಯಿತು. ಮೇಡಂ ಏನಾದರೂ ಹೇಳಿ ಸರಿಮಾಡುತ್ತಾರೆಂದು ಅವರನ್ನು ನೋಡಿದೆ. ಮೊದಲ ದಿನವೇ ಹೇಳಿದ್ದರಲ್ಲ, ಕೇಳ್ತೀನಿ ಅಂತ.

ಮೆಟ್ಟಿಲಿಳಿದು ಸ್ಕೂಟರ್ ಹತ್ತಿರ ಬಂದಾಗ ಅವಳು ಹತ್ತಲಿಲ್ಲ. “ನಾನು ಇಲ್ಲಿಂದಲೇ ಅಪ್ಪನ ಮನೆಗೆ ಹೋಗ್ತೀನಿ,” ಎಂದಳು. ನನ್ನ ಕಣ್ಣು ನೋಡಿಕೊಂಡೇ ಹೇಳಿದಳು. “ಮುಂದಿನ ಗುರುವಾರ ಹೊತ್ತಿಗೆ ಸರಿಯಾಗಿ ಬನ್ನಿ. ನಾನು ಕೆಂಗೇರಿಯಿಂದ ಬರ್ತೀನಿ.”

“ಬ್ಯಾಗು?”

“ತಂದುಕೊಡಿ. ನೀವೇ ತನ್ನಿ, ಯಾರ ಕೈಲೂ ಕಳಿಸಬೇಡಿ.”

ಮನೆಗೆ ಬಂದು ಬೀಗ ತೆಗೆದೆ. ದೀಪ ಹಚ್ಚುವ ಹೊತ್ತಾಗಿತ್ತು. ಹಾರ ಹಾಕಿದ ಅಮ್ಮನ ಫೋಟೋ ಎದುರು ನಿಂತಾಗ ಅಭ್ಯಾಸಬಲದಿಂದ ಬಾಯಿ ತನ್ನಷ್ಟಕ್ಕೇ ತೆರೆಯಿತು. “ಅಮ್ಮ, ಅವಳಿಗೆ ಹೇಳು...”

ಅಲ್ಲಿಗೆ ನಿಂತಿತು. ದವಡೆಯ ಜೋಮು ಇಳಿಯುವಾಗ ಮೊದಲು ಬರುವುದು ನೋವೇ. ಎದೆಯ ಎಡಗಡೆ ಎಲ್ಲೋ ಸಣ್ಣಗೆ ಶುರುವಾಯಿತು. ಅಮ್ಮ ಹೋದಳು ಎಂದು ನನಗೆ ಆಗ ಗೊತ್ತಾಯಿತು, ಐದು ತಿಂಗಳಾದ ಮೇಲೆ. ನೆಲದ ಮೇಲೆ ಕೂತು ಫೋನನ್ನು ತೊಡೆಗೆ ಎಳೆದುಕೊಂಡು ಕೆಂಗೇರಿಗೆ ನಂಬರು ಒತ್ತಿದೆ.

ಎತ್ತಿದವರು ಮಾವ, ರಾಮಯ್ಯನವರು. ಮಗಳು ಏನು ಹೇಳಿದ್ದಳೋ, ಅವರ ದನಿ ಮೆತ್ತಗಿತ್ತು. “ಅವಳು ಈಗ ತಾನೆ ಬಂದ್ಳು ಅಳಿಯಂದ್ರೇ, ಕೈಕಾಲು ತೊಳ್ಕೊತಾ ಇದ್ದಾಳೆ. ಏನು ವಿಷ್ಯ ಹೇಳಿ, ನಾನೇ ಅವಳಿಗೆ ಹೇಳ್ತೀನಿ.”

“ಬೇಡ ಮಾವ,” ಎಂದೆ. “ಅವಳಿಗೇ ಕೊಡಿ. ಕಾಯ್ತೀನಿ.”