ಬೊಗಸೆ ಚಪ್ಪಾಳೆ

"ಮತ್ತ ಚಪ್ಪಾಳಿ ಹೊಡದಿ ಅಂದ್ರ ಕೈ ಮುರೀತೀನಿ, ಕರಿ ರಂಡಿ," ಎಂದು ತ್ರಿವೇಣಿಬಾಯಿಯವರು ಅನ್ನದ ತಟ್ಟೆಯನ್ನು ನೆಲಕ್ಕೆ ಕುಕ್ಕಿದರು. ತಾರಿರೋ ಮಂಡಿಯೂರಿ ಕೂತಿದ್ದಳು.

ವಿಮಾನ ನಗರದಲ್ಲಿ ಬಾಯಿಯವರು ನಡೆಸುವ ಹಾಸ್ಟೆಲಿನಲ್ಲಿ ನಾನು ಬಟ್ಟೆ ಒಗೆಯುವವಳು, ಸಿಂದಗಿ ಕಡೆಯವಳು. ತಾರಿರೋ ಜಿಂಬಾಬ್ವೆಯ ಶೋನಾ ಹುಡುಗಿ, ಹದಿನೆಂಟು ಆಗಷ್ಟೇ ತುಂಬಿತ್ತು. ನರ್ಸಿಂಗ್ ಓದಿಸುತ್ತೇನೆಂದು ಕರೆತಂದ ಏಜೆಂಟ ಇಲ್ಲಿ ಬಿಟ್ಟು ನಾಪತ್ತೆಯಾಗಿದ್ದ. ಆರು ತಿಂಗಳಿಂದ ಅವಳಿಗೆ ಪಾತ್ರೆ, ನೆಲ, ಸಂಡಾಸು. ಪಾಸ್‌ಪೋರ್ಟು ಬಾಯಿಯವರ ದೇವರ ಕೋಣೆಯ ಕಪಾಟಿನಲ್ಲಿತ್ತು. ಅದು ಕೈಗೆ ಬಾರದೆ ಊರಿನ ಮುಖ ಕಾಣುವಂತಿರಲಿಲ್ಲ. ದೇವರೇ ಕಾವಲು ಕೂತಿದ್ದ.

ಏನನ್ನೇ ಇಸಿದುಕೊಳ್ಳುವ ಮೊದಲು ಅವಳು ಎರಡೂ ಕೈ ಬೊಗಸೆ ಮಾಡಿ ಮೆತ್ತಗೆ ತಟ್ಟುತ್ತಿದ್ದಳು. ಅಜ್ಜಿ ಕಲಿಸಿದ್ದು, ಕೊಟ್ಟವರಿಗೆ ಮರ್ಯಾದೆ ಎಂದು ಹರಕು ಹಿಂದಿಯಲ್ಲಿ ನನಗೆ ತಿಳಿಸಿದ್ದಳು. ನಾನು ಬಾಯಿಯವರಿಗೂ ಹೇಳಿ ನೋಡಿದೆ. ಇದು ಮಾಟ, ಇದರಿಂದಲೇ ಸೊಸೆಗೆ ಬಸಿರು ನಿಲ್ಲುತ್ತಿಲ್ಲ ಎಂದರು.

ತಟ್ಟೆ ಕುಕ್ಕಿದ ಮರುದಿನ ರೊಟ್ಟಿ ಕೊಡುವಾಗ ತಾರಿರೋಳ ಕೈ ತಾವಾಗಿ ತಟ್ಟಿದವು. ತ್ರಿವೇಣಿ ಆ ಎರಡೂ ಅಂಗೈಗಳನ್ನು ಕಾದ ಹಂಚಿಗೆ ಒತ್ತಿದಳು. ಇನ್ನು ಅವಳಿಗೆ ಬಹುವಚನ ನನ್ನ ಬಾಯಲ್ಲಿ ಬಾರದು. ನಾನು ಬಾಗಿಲಲ್ಲೇ ನಿಂತಿದ್ದೆ, ಬಿಡಿಸಲು ಹೋಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಮೂರನೇ ದಿನ ತ್ರಿವೇಣಿ ಒಗೆಯಲು ಹಾಕಿದ ಸೀರೆಯ ಸೆರಗಿನ ಗಂಟಿನಲ್ಲಿ ಕಪಾಟಿನ ಕೀಲಿಕೈ ಸಿಕ್ಕಿತು. ತ್ರಿವೇಣಿ ಮಠಕ್ಕೆ ಹೋಗಿದ್ದಳು. ಪಾಸ್‌ಪೋರ್ಟು ತಂದು ತಾರಿರೋಳ ಮುಂದೆ ಹಿಡಿದೆ. ಜೊತೆಗೆ ಊರಿನ ಇನ್ನೊಂದು ತುದಿಯ ನಿಗಡಿಯಲ್ಲಿರುವ ನನ್ನ ತಂಗಿಯ ವಿಳಾಸದ ಚೀಟಿ.

"ಹಿಡಿ ಯವ್ವಾ, ಹಿಂದಿನ ಗೇಟಿಲೆ ಓಡು."

ಮಾತು ತಿಳಿಯದಿದ್ದರೂ ಅರ್ಥವಾಗಿತ್ತು. ಆದರೂ ಓಡಲಿಲ್ಲ. ಒಗೆಯುವ ಕಲ್ಲಿನ ಬಳಿ ಒದ್ದೆ ನೆಲದ ಮೇಲೆ ಮಂಡಿಯೂರಿ, ಅರಿವೆ ಸುತ್ತಿದ ಕೈಗಳನ್ನು ನನ್ನೆದುರು ತಟ್ಟಿದಳು. ಸಪ್ಪಳ ಬರಲಿಲ್ಲ. ಆಮೇಲೆ ಹೋದಳು.

ನಿಗಡಿಗೆ ಅವಳು ಮುಟ್ಟಲೇ ಇಲ್ಲ. ಎರಡು ತಿಂಗಳಾಯಿತು. ಬದುಕಿದ್ದಾಳೋ ಇಲ್ಲವೋ ಹೇಳುವವರಿಲ್ಲ. ಕಲ್ಲಿಗೆ ಬಟ್ಟೆ ಬಡಿದಾಗಲೆಲ್ಲ ಚಪ್ಪಾಳೆ ಕೇಳಿದಂತಾಗಿ ನಾನು ಹಿಂತಿರುಗಿ ನೋಡುತ್ತೇನೆ.

ನಿನ್ನೆ ತ್ರಿವೇಣಿ ತಂಗಳ ರೊಟ್ಟಿ ಚಾಚುತ್ತಾ ನನ್ನ ಮುಖವನ್ನೇ ದಿಟ್ಟಿಸಿದಳು.

"ಖರೆ ಹೇಳ ನಾಗವ್ವ, ಆ ಭೂತಕ್ಕ ಬಾಗಲಾ ತಗದಾಕಿ ಯಾರು?"

ನಾನು ಮಂಡಿಯೂರಲಿಲ್ಲ. ನಿಂತಲ್ಲೇ ಎರಡೂ ಕೈ ಬೊಗಸೆ ಮಾಡಿ ತಟ್ಟಿದೆ. ಅಡುಗೆಮನೆ ತುಂಬ ಸಪ್ಪಳವಾಯಿತು. ಮಾಟ ತನಗೇ ತಗುಲೀತೆಂಬಂತೆ ಅವಳು ರೊಟ್ಟಿ ಹಿಡಿದೇ ಹಿಂದೆ ಸರಿದಳು. ನಾನು ತೆಗೆದುಕೊಳ್ಳಲಿಲ್ಲ, ತಟ್ಟುತ್ತಲೇ ಇದ್ದೆ.